ಕೆಂಪು ಸಾಲುಗಳ ಲೆಕ್ಕ: ಪೈಥಾನಿನ ‘ಕವರೇಜ್ ಡಾಟ್ ಪೈ’ ಬಳಸಿದವನ ಮಾತು

ಒಂದು ಸಹಕಾರ ಸಂಘಕ್ಕೆ ನಾನು ಬರೆದುಕೊಟ್ಟಿದ್ದ ರಶೀದಿ ಮುದ್ರಿಸುವ ಪ್ರೋಗ್ರಾಮಿನಲ್ಲಿ, ಮೊತ್ತವನ್ನು ಅಂಕಿಯಲ್ಲಿ ಹಾಕಿ ಅದರ ಕೆಳಗೆ ಅಕ್ಷರದಲ್ಲಿಯೂ ಬರೆಯುವ ಒಂದು ಪುಟ್ಟ ಭಾಗವಿದೆ. ಅದು ಸರಿಯಾದ ಉತ್ತರ ಕೊಡುತ್ತದೆಯೇ ಎಂದು ಪರೀಕ್ಷಿಸುವ ಪುಟ್ಟ ಪ್ರೋಗ್ರಾಮುಗಳನ್ನು, ಅಂದರೆ ಟೆಸ್ಟ್‌ಗಳನ್ನು, ಬರೆದಿದ್ದೆ. ಆ ಟೆಸ್ಟ್‌ಗಳು ಕೋಡಿನ ಎಷ್ಟು ಭಾಗವನ್ನು ಮುಟ್ಟುತ್ತವೆ ಎಂದು ಅಳೆದಾಗ ವರದಿಯಲ್ಲಿ ಶೇಕಡಾ 100 ಎಂದು ಬಂದಿತ್ತು. ಹೀಗಿದ್ದೂ ಒಂದು ದಿನ ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿ, “ಸಾರ್, ರಶೀದೀಲಿ ಒಂಬತ್ತುನೂರು ಅಂತ ಬಂದಿದೆಯಲ್ಲ, ಒಂಬೈನೂರು ಅನ್ನೋದಲ್ವಾ?” ಎಂದು ಕೇಳಿದರು. ದುಡ್ಡಿನ ಲೆಕ್ಕ ತಪ್ಪಿರಲಿಲ್ಲವಾದ್ದರಿಂದ ಅವರು ನಗುತ್ತಲೇ ಕೇಳಿದರು. ನನಗೆ ಮಾತ್ರ ಆ ನೂರಕ್ಕೆ ನೂರು ಎಲ್ಲಿಂದ ಬಂತು ಎಂಬ ಪ್ರಶ್ನೆ ಬಹಳ ದಿನ ತಲೆಯಲ್ಲಿ ಉಳಿಯಿತು.

ಆ ಅಂಕಿಯನ್ನು ಕೊಟ್ಟ ಸಾಧನದ ಹೆಸರು ಕವರೇಜ್ ಡಾಟ್ ಪೈ. ತಪ್ಪು ಅದರದ್ದಾಗಿರಲಿಲ್ಲ. ಅದು ಅಳೆದದ್ದನ್ನು ಪ್ರಾಮಾಣಿಕವಾಗಿಯೇ ಹೇಳಿತ್ತು, ಹೇಳದೇ ಇದ್ದುದನ್ನು ನಾನು ಅದರ ಬಾಯಲ್ಲಿ ಇಟ್ಟಿದ್ದೆ. ಕಚೇರಿಯ ಕೆಲಸದಲ್ಲಿ ಹಲವು ವರ್ಷಗಳಿಂದ ಈ ಸಾಧನವನ್ನು ದಿನನಿತ್ಯ ಬಳಸುತ್ತಿರುವವನಾಗಿ, ಇದರ ಯಾವ ಭಾಗವನ್ನು ನಂಬಬಹುದು, ಯಾವುದನ್ನು ನೋಡಿಯೂ ನೋಡದಂತೆ ಬಿಡಬೇಕು ಎಂಬ ಬಗ್ಗೆ ನನಗೆ ಸಾಕಷ್ಟು ಖಚಿತವಾದ ಅಭಿಪ್ರಾಯಗಳಿವೆ. ಮೊದಲೇ ಹೇಳಿಬಿಡುವುದಾದರೆ, ಇದರಲ್ಲಿ ಅತ್ಯಂತ ಕಡಿಮೆ ಉಪಯೋಗಕ್ಕೆ ಬರುವುದು ಎಲ್ಲರೂ ನೋಡುವ ಶೇಕಡಾವಾರು ಅಂಕಿ, ಅತ್ಯಂತ ಹೆಚ್ಚು ಉಪಯೋಗಕ್ಕೆ ಬರುವುದು ಯಾರೂ ತೆರೆದು ನೋಡದ ಬಣ್ಣದ ಪುಟಗಳು.

ಪೈಥಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಮ್ ಓಡುವಾಗ ಅದರ ಯಾವ ಸಾಲುಗಳು ನಿಜಕ್ಕೂ ಓಡಿದವು, ಯಾವುವು ಓಡಲೇ ಇಲ್ಲ ಎಂದು ದಾಖಲಿಸುವುದೇ ಕವರೇಜ್ ಡಾಟ್ ಪೈ ಮಾಡುವ ಕೆಲಸ. ಇದನ್ನು 2001ರಲ್ಲಿ ಮೊದಲಿಗೆ ಬರೆದವರು ಗ್ಯಾರೆತ್ ರೀಸ್. 2004ರಿಂದ ಇದನ್ನು ಬೆಳೆಸಿಕೊಂಡು ಬಂದವರು ಅಮೆರಿಕದ ಬಾಸ್ಟನ್ ಕಡೆಯ ನೆಡ್ ಬ್ಯಾಚೆಲ್ಡರ್. ಎರಡು ದಶಕಗಳಿಗೂ ಮೀರಿ ಒಬ್ಬರೇ ಮುಖ್ಯವಾಗಿ ನಿಂತು ನೋಡಿಕೊಂಡ ಸಾಧನಗಳು ನಮ್ಮ ಕಸುಬಿನಲ್ಲಿ ಹೆಚ್ಚಿಲ್ಲ, ಮತ್ತು ಆ ಒಂದೇ ಕೈಯ ಗುರುತು ಇದರ ಸಹಾಯ ಪುಟಗಳಲ್ಲಿ, ದೋಷ ಸಂದೇಶಗಳಲ್ಲಿ, ಪ್ರತಿ ಆವೃತ್ತಿಯ ಬದಲಾವಣೆಗಳ ಪಟ್ಟಿಯಲ್ಲಿ ಎದ್ದು ಕಾಣುತ್ತದೆ. ಬೆಲೆ ಏನೂ ಇಲ್ಲ. ಅಪಾಚೆ ಪರವಾನಗಿಯಡಿ ಮುಕ್ತವಾಗಿ ಸಿಗುತ್ತದೆ, ಆದ್ದರಿಂದ ಕಂಪನಿಯ ಕೆಲಸಕ್ಕೆ ಬಳಸಲು ಕಾನೂನು ವಿಭಾಗದವರ ಮುಂದೆ ನಿಲ್ಲಬೇಕಾದ ಪ್ರಸಂಗವೂ ಸಾಮಾನ್ಯವಾಗಿ ಬರುವುದಿಲ್ಲ.

ಪೈಥಾನಿನ ಸಾಧನಗಳನ್ನು ಇಳಿಸಿಕೊಡುವ ಪಿಪ್ ಮೂಲಕ ಅರ್ಧ ನಿಮಿಷದಲ್ಲಿ ಇನ್‌ಸ್ಟಾಲ್ ಆಗುತ್ತದೆ. ಅನಂತರ ಟೆಸ್ಟ್‌ಗಳನ್ನು ಎಂದಿನಂತೆ ಓಡಿಸುವ ಬದಲು ‘ಕವರೇಜ್ ರನ್’ ಎಂಬ ಆಜ್ಞೆಯ ಅಡಿಯಲ್ಲಿ ಓಡಿಸಿ, ಆಮೇಲೆ ‘ಕವರೇಜ್ ರಿಪೋರ್ಟ್’ ಎಂದರೆ ಟರ್ಮಿನಲ್‌ನಲ್ಲಿಯೇ ಒಂದು ಪಟ್ಟಿ ಬರುತ್ತದೆ. ಫೈಲಿನ ಹೆಸರು, ಅದರಲ್ಲಿರುವ ಸ್ಟೇಟ್‌ಮೆಂಟ್‌ಗಳ, ಅಂದರೆ ಓಡಬಲ್ಲ ಬಿಡಿ ಆಜ್ಞೆಗಳ, ಸಂಖ್ಯೆ, ಓಡದೇ ಉಳಿದವುಗಳ ಸಂಖ್ಯೆ, ಶೇಕಡಾವಾರು, ಕೇಳಿದರೆ ಓಡದ ಸಾಲುಗಳ ನಂಬರುಗಳು. ಟೆಸ್ಟ್‌ಗಳನ್ನು ಓಡಿಸಲು ಪೈಟೆಸ್ಟ್ ಎಂಬ ಸಾಧನವನ್ನು ಬಳಸುವವರಿಗೆ ಪೈಟೆಸ್ಟ್-ಕವ್ ಎಂಬ ಪ್ಲಗಿನ್ ಇದೆ, ಅದರ ಹೊಟ್ಟೆಯಲ್ಲಿರುವುದೂ ಇದೇ ಸಾಧನ. ನಾನು ಪ್ಲಗಿನ್ ಇಲ್ಲದೆ ನೇರವಾಗಿಯೇ ಓಡಿಸುತ್ತೇನೆ. ಏನಾದರೂ ಎಡವಟ್ಟಾದಾಗ ಎಡವಟ್ಟು ಯಾರದ್ದು ಎಂದು ಹುಡುಕುವುದು ಸುಲಭ ಎಂಬುದು ಬಿಟ್ಟರೆ ಇದಕ್ಕೆ ಬೇರೆ ಕಾರಣವಿಲ್ಲ.

ಮೊದಲ ಓಟದಲ್ಲೇ ಹೊಸಬರನ್ನು ದಾರಿ ತಪ್ಪಿಸುವ ಎರಡು ಸಂಗತಿಗಳಿವೆ. ಪೈಥಾನಿನಲ್ಲಿ ಫಂಕ್ಷನ್ನಿನ, ಅಂದರೆ ಹೆಸರಿಟ್ಟು ಬೇಕಾದಾಗ ಕರೆಯುವ ಕೋಡಿನ ತುಂಡಿನ, ತಲೆಸಾಲು ಕೂಡ ಓಡುವ ಒಂದು ಸ್ಟೇಟ್‌ಮೆಂಟ್. ಫೈಲನ್ನು ಬಳಕೆಗೆ ಒಳಗೆ ಕರೆದುಕೊಂಡ, ಅಂದರೆ ಇಂಪೋರ್ಟ್ ಮಾಡಿದ, ಕ್ಷಣದಲ್ಲಿ ಆ ತಲೆಸಾಲುಗಳೆಲ್ಲ ಓಡಿಬಿಡುತ್ತವೆ. ಒಂದೊಂದೇ ಸಾಲಿನ ಒಡಲಿರುವ ಮೂರು ಫಂಕ್ಷನ್‌ಗಳ ಫೈಲೊಂದನ್ನು ಬರೀ ಇಂಪೋರ್ಟ್ ಮಾಡಿ ಸುಮ್ಮನೆ ಬಿಟ್ಟರೂ ಆರರಲ್ಲಿ ಮೂರು ಸ್ಟೇಟ್‌ಮೆಂಟ್ ಓಡಿದಂತಾಗಿ, ಒಂದೇ ಒಂದು ಟೆಸ್ಟ್ ಇಲ್ಲದೆ ಶೇಕಡಾ 50 ಕೈಗೆ ಬರುತ್ತದೆ. “ನಮ್ಮದು ಈಗಾಗಲೇ ನಲವತ್ತು ಪರ್ಸೆಂಟ್ ಇದೆ” ಎಂದು ಯಾರಾದರೂ ಹೇಳಿದಾಗ ಅದರಲ್ಲಿ ಎಷ್ಟು ಪಾಲು ಇಂಪೋರ್ಟಿನದು ಎಂದು ನಾನು ಮನಸ್ಸಿನಲ್ಲೇ ಕಳೆದುಕೊಳ್ಳುವುದು ಇದಕ್ಕಾಗಿಯೇ.

ಎರಡನೆಯದು ಇದರ ತದ್ವಿರುದ್ಧ, ಮತ್ತು ಹೆಚ್ಚು ಅಪಾಯಕಾರಿ. ಯಾವ ಫೋಲ್ಡರನ್ನು ಅಳೆಯಬೇಕು ಎಂದು ‘ಸೋರ್ಸ್’ ಎಂಬ ಸೆಟ್ಟಿಂಗಿನಲ್ಲಿ ತಿಳಿಸದೇ ಇದ್ದರೆ, ಓಟದಲ್ಲಿ ಯಾರೂ ಇಂಪೋರ್ಟ್ ಮಾಡದ ಫೈಲುಗಳು ವರದಿಯಲ್ಲಿ ಸೊನ್ನೆ ಎಂದು ಬರುವುದಿಲ್ಲ, ಅವು ವರದಿಯಲ್ಲಿ ಇರುವುದೇ ಇಲ್ಲ. ಟೆಸ್ಟ್ ಬರೆಯದ ಫೈಲೇ ಲೆಕ್ಕದಿಂದ ಜಾರಿಹೋದ ಮೇಲೆ ಉಳಿದವುಗಳ ಸರಾಸರಿ ಚೆನ್ನಾಗಿಯೇ ಇರುತ್ತದೆ. ಶಾಲೆಗೆ ಬಾರದ ಹುಡುಗರನ್ನು ಹಾಜರಿ ಪುಸ್ತಕದಿಂದಲೇ ತೆಗೆದು ಎಲ್ಲರೂ ಪಾಸಾದರು ಎಂದಂತೆ. ಸೋರ್ಸ್ ಹಾಕಿದ ದಿನ ಅಂಕಿ ಧೊಪ್ಪನೆ ಬೀಳುತ್ತದೆ, ತಂಡದಲ್ಲಿ ಸ್ವಲ್ಪ ಗೊಣಗಾಟವೂ ಆಗುತ್ತದೆ. ಆದರೆ ಹಾಕದೆ ಬಳಸುವುದರಲ್ಲಿ ಅರ್ಥವಿಲ್ಲ. ಈ ಸೆಟ್ಟಿಂಗನ್ನು ಮೊದಲ ಓಟದಲ್ಲೇ ಕೇಳುವಂತೆ ಮಾಡಿದ್ದರೆ ಒಳ್ಳೆಯದಿತ್ತು ಎಂಬುದು ಈ ಸಾಧನದ ಮೇಲೆ ನನ್ನ ಹಳೆಯ ಆಕ್ಷೇಪ.

ಇನ್ನು ಒಂಬೈನೂರರ ಕಥೆಗೆ ಬರುತ್ತೇನೆ, ಏಕೆಂದರೆ ಈ ಸಾಧನದ ಬಲ ಮತ್ತು ಮಿತಿ ಎರಡೂ ಮೊತ್ತವನ್ನು ಅಕ್ಷರಕ್ಕಿಳಿಸುವ ಐದು ಸಾಲಿನ ಆ ಫಂಕ್ಷನ್ನಿನಲ್ಲಿ ಕಾಣುತ್ತವೆ. ಕನ್ನಡದಲ್ಲಿ ನೂರರ ಮಡಿಗಳಿಗೆ ಒಂದೇ ನಿಯಮ ಸಾಲದು. ಎರಡು ನೂರು ಸೇರಿ ಇನ್ನೂರು, ಮೂರು ನೂರು ಸೇರಿ ಮುನ್ನೂರು, ಐದಕ್ಕೆ ಐನೂರು, ಒಂಬತ್ತಕ್ಕೆ ಒಂಬೈನೂರು. ಆದ್ದರಿಂದ ಒಂದರಿಂದ ಒಂಬತ್ತರವರೆಗಿನ ಈ ರೂಪಗಳನ್ನು ನಾನು ಒಂದು ಪಟ್ಟಿಯಲ್ಲಿ ಬರೆದಿಟ್ಟೆ. ಫಂಕ್ಷನ್ನಿನ ಮೊದಲ ಸಾಲು ತಲೆಸಾಲು. ಎರಡನೆಯ ಸಾಲು ಪಟ್ಟಿಯಿಂದ ಪದವನ್ನು ಎತ್ತಿಕೊಳ್ಳುತ್ತದೆ. ಮೂರನೆಯದು, ನೂರರ ಮೇಲೆ ಏನಾದರೂ ಉಳಿಕೆ ಇದೆಯೇ ಎಂದು ಕೇಳುತ್ತದೆ. ಇದ್ದರೆ ನಾಲ್ಕನೆಯ ಸಾಲು ಪದದ ಕೊನೆಯ ಕೊಂಬನ್ನು ಕತ್ತರಿಸಿ ಉಳಿಕೆಯ ಪದವನ್ನು ಸೇರಿಸುತ್ತದೆ. ಯೂನಿಕೋಡಿನಲ್ಲಿ ‘ರು’ ಎಂಬುದು ರಕಾರ ಮತ್ತು ಕೊಂಬು ಎಂಬ ಎರಡು ಸಂಕೇತಗಳಾಗಿರುವುದರಿಂದ ಕೊನೆಯದೊಂದನ್ನು ಕತ್ತರಿಸಿದರೆ ‘ನೂರು’ ಹೋಗಿ ‘ನೂರ’ ಉಳಿಯುತ್ತದೆ, ‘ನೂರ ಇಪ್ಪತ್ತೈದು’ ಎಂದು ಸರಿಯಾಗಿ ಕೂಡಿಕೊಳ್ಳುತ್ತದೆ. ಐದನೆಯ ಸಾಲು ಪದವನ್ನು ಹಿಂದಿರುಗಿಸುತ್ತದೆ. ಅಂದಹಾಗೆ, ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲಿಯೇ ಇಡಬಹುದು. ಪದ, ಉಳಿಕೆ ಎಂದೇ ನಾನು ಹೆಸರಿಟ್ಟಿದ್ದೆ, ಮತ್ತು ವರದಿಯ ಪುಟಗಳಲ್ಲಿ ಅವು ಸರಿಯಾಗಿಯೇ ಮೂಡಿಬಂದವು.

ಮೊದಲಿಗೆ ನನ್ನ ಬಳಿ ಇದ್ದದ್ದು ಒಂದೇ ಟೆಸ್ಟ್: 125 ಕೊಟ್ಟರೆ ‘ನೂರ ಇಪ್ಪತ್ತೈದು’ ಬರಬೇಕು. ಈ ಒಂದೇ ಟೆಸ್ಟಿಗೆ ಐದಕ್ಕೆ ಐದೂ ಸಾಲು ಓಡಿ ಶೇಕಡಾ 100 ಎಂದಾಯಿತು. ಆದರೆ ಉಳಿಕೆಯಿಲ್ಲದ ಮೊತ್ತ, ಅಂದರೆ 300ರಂಥದ್ದು, ಬಂದಾಗ ಏನಾಗುತ್ತದೆ ಎಂದು ಯಾರೂ ನೋಡಿರಲಿಲ್ಲ. ಇಂಥ ಕಡೆ ಸಾಧನಕ್ಕೆ ‘ಬ್ರಾಂಚ್’ ಎಂಬ ಸೆಟ್ಟಿಂಗನ್ನು ಹಾಕಿ ಮತ್ತೆ ಓಡಿಸಿದರೆ ಲೆಕ್ಕ ಬದಲಾಗುತ್ತದೆ. ಮೂರನೆಯ ಸಾಲಿನಿಂದ ಹೊರಡುವ ಎರಡು ದಾರಿಗಳೂ ಲೆಕ್ಕಕ್ಕೆ ಬಂದು, ಈ ಫಂಕ್ಷನ್ನಿನ ಐದು ಸಾಲು ಮತ್ತು ಎರಡು ದಾರಿ ಸೇರಿ ಏಳರಲ್ಲಿ ಆರು ಮಾತ್ರ ಸವೆದಿವೆ, ಶೇಕಡಾ 86 ಎನ್ನುತ್ತದೆ. ವರದಿಯ ಪುಟದಲ್ಲಿ ಆ ಸಾಲು ಹಳದಿಯಾಗಿ, ಮೂರನೆಯ ಸಾಲಿನ ಷರತ್ತು ಯಾವಾಗಲೂ ನಿಜವೇ ಆಗಿದ್ದರಿಂದ ಐದನೆಯ ಸಾಲಿಗೆ ನೇರವಾಗಿ ಜಿಗಿದದ್ದೇ ಇಲ್ಲ ಎಂಬರ್ಥದ ಟಿಪ್ಪಣಿ ಪಕ್ಕದಲ್ಲಿ ಕಾಣುತ್ತದೆ. ಟೆಸ್ಟ್ ಬರೆಯುವವನಿಗೆ ಇದಕ್ಕಿಂತ ನೇರವಾದ ಸೂಚನೆ ಬೇಕಿಲ್ಲ. ಬ್ರಾಂಚ್ ಇಲ್ಲದೆ ಈ ಸಾಧನವನ್ನು ಬಳಸುವವರು ಅರ್ಧ ಸಾಧನವನ್ನು ಮಾತ್ರ ಬಳಸುತ್ತಿದ್ದಾರೆ. ಇದು ತಾನಾಗಿ ಆನ್ ಆಗಿರದೇ ಇರುವುದು ನನ್ನ ಎರಡನೆಯ ಆಕ್ಷೇಪ.

ನಾನು 300ಕ್ಕೂ ಒಂದು ಟೆಸ್ಟ್ ಬರೆದೆ. ಬ್ರಾಂಚ್ ಸಹಿತ ಏಳಕ್ಕೆ ಏಳು, ಶೇಕಡಾ 100. ಕಾರ್ಯದರ್ಶಿಗಳ ಫೋನ್ ಬಂದದ್ದು ಇದಾದ ಮೇಲೆ.

ತಪ್ಪು ಇದ್ದದ್ದು ಪಟ್ಟಿಯಲ್ಲಿ. ಆತುರದಲ್ಲಿ ಒಂಬತ್ತನೆಯ ಜಾಗದಲ್ಲಿ ‘ಒಂಬತ್ತುನೂರು’ ಎಂದು ಟೈಪ್ ಮಾಡಿದ್ದೆ. ಕವರೇಜ್ ಡಾಟ್ ಪೈ ದೃಷ್ಟಿಯಲ್ಲಿ ಒಂಬತ್ತು ಸಾಲಿನಲ್ಲಿ ಹರಡಿಕೊಂಡ ಆ ಇಡೀ ಪಟ್ಟಿ ಒಂದೇ ಸ್ಟೇಟ್‌ಮೆಂಟ್, ಮತ್ತು ಫೈಲು ಇಂಪೋರ್ಟ್ ಆದ ಕೂಡಲೇ ಅದು ಹಸಿರು. ಅದರೊಳಗಿನ ಯಾವ ಪದವನ್ನು ಟೆಸ್ಟ್‌ಗಳು ಎತ್ತಿಕೊಂಡವು, ಯಾವುದನ್ನು ಮುಟ್ಟಲೇ ಇಲ್ಲ ಎಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ. ಇದೇ ಕೆಲಸವನ್ನು ಪಟ್ಟಿಯಿಲ್ಲದೆ, ಒಂದಾದರೆ ಇದು, ಎರಡಾದರೆ ಅದು ಎಂದು ಉದ್ದನೆಯ ಷರತ್ತುಗಳ ಸರಪಳಿಯಾಗಿ ಬರೆದಿದ್ದರೆ ಕನಿಷ್ಠ ಏಳು ಸಾಲು ಕೆಂಪಾಗಿ ನಿಂತು ನನ್ನನ್ನು ಎಚ್ಚರಿಸುತ್ತಿದ್ದವು. ಅಂದರೆ, ಕೆಟ್ಟದಾಗಿ ಬರೆದಿದ್ದರೆ ಸಾಧನ ನನಗೆ ಹೆಚ್ಚು ಸಹಾಯ ಮಾಡುತ್ತಿತ್ತು! ಕೋಡನ್ನು ಅಚ್ಚುಕಟ್ಟಾಗಿಸಿ ವಿವರಗಳನ್ನು ಪಟ್ಟಿಗಳಿಗೆ, ಕಾನ್ಫಿಗ್ ಫೈಲುಗಳಿಗೆ, ಡೇಟಾಬೇಸಿಗೆ ಸಾಗಿಸಿದಷ್ಟೂ ಅಂಕಿ ಸಲೀಸಾಗಿ ಏರುತ್ತದೆ, ಅದರ ಅರ್ಥ ಮಾತ್ರ ಅಷ್ಟೇ ಸವೆಯುತ್ತದೆ. ಈಗ ಒಂಬತ್ತೂ ರೂಪಗಳಿಗೆ, ಉಳಿಕೆಯೊಂದಿಗೆ ಮತ್ತು ಉಳಿಕೆಯಿಲ್ಲದೆ, ಹದಿನೆಂಟು ಟೆಸ್ಟ್‌ಗಳಿವೆ. ಎರಡು ಟೆಸ್ಟ್ ಇದ್ದಾಗಲೂ ಅಂಕಿ 100, ಹದಿನೆಂಟು ಆದ ಮೇಲೂ 100.

ಇಂಥದ್ದೇ ಇನ್ನೊಂದು ಕುರುಡು ಜಾಗವಿದೆ. ಮೊತ್ತ ಸೊನ್ನೆಗಿಂತ ಕಡಿಮೆ ಇದ್ದರೆ ಅಥವಾ ಮಿತಿಗಿಂತ ಹೆಚ್ಚಿದ್ದರೆ ತಿರಸ್ಕರಿಸು ಎಂದು ಒಂದೇ ಸಾಲಿನಲ್ಲಿ ಬರೆದರೆ, ಋಣಮೊತ್ತ ಒಂದನ್ನು ಕೊಟ್ಟು ಇನ್ನೊಮ್ಮೆ ಸರಿಯಾದ ಮೊತ್ತ ಕೊಟ್ಟರೆ ಸಾಕು, ಎರಡೂ ದಾರಿ ಸವೆದಂತೆ. ‘ಅಥವಾ’ದ ಆಚೆಗಿನ ಷರತ್ತು ಒಮ್ಮೆಯಾದರೂ ನಿಜವಾಯಿತೇ ಎಂದು ಇದು ಕೇಳುವುದಿಲ್ಲ. ವಿಮಾನದ ಸಾಫ್ಟ್‌ವೇರಿಗೆ ಅನ್ವಯಿಸುವ ಡಿಒ-178ಸಿ ಮಾನದಂಡದ ಅತ್ಯುನ್ನತ ಹಂತದಲ್ಲಿ ಅಂಥ ಪ್ರತಿಯೊಂದು ಷರತ್ತೂ ತಾನೊಂದೇ ಬದಲಾಗಿ ಫಲಿತಾಂಶವನ್ನು ಬದಲಿಸಿದ್ದನ್ನು ತೋರಿಸಬೇಕಾಗುತ್ತದೆ. ಆ ಮಟ್ಟದ ಅಳತೆ ಇಲ್ಲಿಲ್ಲ, ರಶೀದಿ ಮುದ್ರಿಸುವವರಿಗೆ ಅದು ಬೇಕಾಗಿಯೂ ಇಲ್ಲ. ಆದರೆ ಸ್ವಾರಸ್ಯವೊಂದಿದೆ. 2019ರ 5.0 ಆವೃತ್ತಿಯಿಂದ ಕವರೇಜ್ ಡಾಟ್ ಪೈ ತನ್ನ ದಾಖಲೆಯನ್ನು ಬರೆದಿಡುವುದು ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ. ಆ ಎಸ್‌ಕ್ಯೂಲೈಟ್ ತನ್ನ ತಿರುಳಿನ ಕೋಡಿಗೆ ವಿಮಾನದ ಮಟ್ಟದ ಅದೇ ಅಳತೆಯಲ್ಲಿ ಶೇಕಡಾ 100 ಸಾಧಿಸಿರುವುದಾಗಿ ಹೇಳಿಕೊಳ್ಳುವ ಅಪರೂಪದ ಯೋಜನೆ. ತಕ್ಕಡಿಗಿಂತ ತಕ್ಕಡಿಯ ಕೆಳಗಿನ ಮೇಜನ್ನೇ ಹೆಚ್ಚು ಪರೀಕ್ಷಿಸಿದಂತೆ.

ನಾನು ಈ ಸಾಧನಕ್ಕೆ ನಿಜಕ್ಕೂ ಋಣಿಯಾಗಿರುವುದು ಅದರ ಎಚ್‌ಟಿಎಂಎಲ್ ವರದಿಗೆ. ‘ಕವರೇಜ್ ಎಚ್‌ಟಿಎಂಎಲ್’ ಎಂದರೆ ಒಂದು ಫೋಲ್ಡರ್ ತಯಾರಾಗುತ್ತದೆ, ಅದನ್ನು ಬ್ರೌಸರಿನಲ್ಲಿ ತೆರೆದರೆ ಪ್ರತಿಯೊಂದು ಫೈಲೂ ಬಣ್ಣ ಬಳಿದುಕೊಂಡು ನಿಂತಿರುತ್ತದೆ. ಓಡಿದ ಸಾಲಿನ ಎಡಕ್ಕೆ ಹಸಿರು ಗೆರೆ, ಓಡದ ಸಾಲಿಗೆ ಕೆಂಪು, ಒಂದೇ ದಾರಿ ಸವೆದ ಸಾಲಿಗೆ ಹಳದಿ, ನಾವೇ ಹೊರಗಿಟ್ಟ ಸಾಲಿಗೆ ಬೂದು. ಸರ್ವರ್ ಬೇಡ, ಖಾತೆ ತೆರೆಯುವುದು ಬೇಡ, ಇಂಟರ್‌ನೆಟ್ ಕೂಡ ಬೇಡ. ಆ ಫೋಲ್ಡರ್ ತಪ್ಪಿ, ಕೋಡಿನ ಆವೃತ್ತಿಗಳನ್ನು ಕಾಪಿಡುವ ಗಿಟ್‌ಗೆ ಸೇರಿಹೋಗದಂತೆ ತನ್ನೊಳಗೇ ಒಂದು ಗಿಟ್‌ಇಗ್ನೋರ್ ಫೈಲನ್ನು ಇಟ್ಟುಕೊಂಡಿರುತ್ತದೆ. ಕೆಂಪಿನಿಂದ ಕೆಂಪಿಗೆ ಕೀಬೋರ್ಡಿನಲ್ಲೇ ಜಿಗಿಯಬಹುದು. ಹೊಸ ತಂಡಕ್ಕೆ ಸೇರಿದಾಗ ನಾನು ಮೊದಲು ಮಾಡುವ ಕೆಲಸ ಈ ವರದಿಯನ್ನು ತೆಗೆದು ಒಂದು ಮಧ್ಯಾಹ್ನ ಓದುವುದು. ಕೆಂಪು ಎಲ್ಲೆಂದರಲ್ಲಿ ಚೆಲ್ಲಿರುವುದಿಲ್ಲ. ಬಹುಪಾಲು ಅದು ದೋಷಗಳನ್ನು ಹಿಡಿಯುವ ಭಾಗಗಳಲ್ಲಿ ಕುಳಿತಿರುತ್ತದೆ: ನೆಟ್‌ವರ್ಕ್ ಸಿಗದಿದ್ದರೆ, ಫೈಲು ಖಾಲಿಯಿದ್ದರೆ, ಬ್ಯಾಂಕಿನಿಂದ ಉತ್ತರ ಅರ್ಧಕ್ಕೇ ನಿಂತರೆ. ಹಗಲಿನಲ್ಲಿ ಯಾರೂ ಓಡಿಸಿ ನೋಡದ ಆ ಸಾಲುಗಳು ಮೊದಲ ಬಾರಿಗೆ ಓಡುವುದು ರಾತ್ರಿ ಎರಡು ಗಂಟೆಗೆ, ಗ್ರಾಹಕರ ಸರ್ವರಿನ ಮೇಲೆ. ಅಂಥ ಒಂದು ಕೆಂಪು ಸಾಲಿನಲ್ಲಿ, ದೋಷವನ್ನು ಲಾಗ್ ಮಾಡಬೇಕಾದ ವಾಕ್ಯದಲ್ಲೇ ವೇರಿಯೇಬಲ್ಲಿನ ಹೆಸರು ತಪ್ಪಿದ್ದುದನ್ನು ನಾನು ಬರೀ ಕಣ್ಣಿನಿಂದ ಓದಿಯೇ ಹಿಡಿದಿದ್ದೇನೆ. ಟೆಸ್ಟ್ ಬರೆಯುವ ಮೊದಲೇ ಬಗ್ ಸಿಕ್ಕಿತು, ಏಕೆಂದರೆ ಎಲ್ಲಿ ನೋಡಬೇಕು ಎಂಬುದನ್ನು ಬಣ್ಣ ಹೇಳಿತ್ತು.

ಅದೇ 5.0ರಲ್ಲಿ ಬಂದ ಇನ್ನೊಂದು ಸೌಲಭ್ಯಕ್ಕೆ ಕಾಂಟೆಕ್ಸ್ಟ್ ಎಂದು ಹೆಸರು. ಒಂದು ಸಾಲು ಓಡಿತೇ ಎಂಬುದರ ಜೊತೆಗೆ ಯಾವ ಟೆಸ್ಟ್ ಅದನ್ನು ಓಡಿಸಿತು ಎಂದೂ ಇದು ಬರೆದಿಟ್ಟುಕೊಳ್ಳುತ್ತದೆ, ವರದಿಯಲ್ಲಿ ಸಾಲಿನ ಪಕ್ಕದಲ್ಲೇ ಆ ಟೆಸ್ಟ್‌ಗಳ ಹೆಸರು ಸಿಗುತ್ತದೆ. ಹಳೆಯ ಕೋಡನ್ನು ತಿದ್ದಲು ಕುಳಿತವರಿಗೆ ಇದು ವರ. ತೆರಿಗೆಯ ಲೆಕ್ಕ ಮಾಡುವ ಸಾಲೊಂದು ಹಸಿರಾಗಿದೆ ಎಂದು ನೆಮ್ಮದಿಯಿಂದಿದ್ದವನಿಗೆ, ಅದನ್ನು ಓಡಿಸಿದ್ದು ಲಾಗಿನ್ ಪುಟದ ಟೆಸ್ಟ್ ಮಾತ್ರ ಎಂದು ತಿಳಿದರೆ ಆ ಹಸಿರಿನ ಬೆಲೆ ಏನೆಂದು ಕೂಡಲೇ ಅರ್ಥವಾಗುತ್ತದೆ.

ಈ ಹಸಿರಿನ ಬೆಲೆಯ ಬಗ್ಗೆ ನನಗೆ ಪಾಠ ಕಲಿಸಿದ್ದು ಹಿಂದೆ ನಾನಿದ್ದ ಒಂದು ಕಚೇರಿ. ಅಲ್ಲಿ ಶೇಕಡಾ 80ಕ್ಕಿಂತ ಕಡಿಮೆಯಾದರೆ ಕೋಡ್ ಒಳಗೆ ಹೋಗುತ್ತಿರಲಿಲ್ಲ. ‘ಫೇಲ್ ಅಂಡರ್’ ಎಂಬ ಸೆಟ್ಟಿಂಗಿನಲ್ಲಿ ಒಂದು ಅಂಕಿ ಕೊಟ್ಟರೆ, ಅದಕ್ಕಿಂತ ಕಡಿಮೆ ಬಂದಾಗ ಸಾಧನ ವೈಫಲ್ಯದ ಸಂಕೇತದೊಂದಿಗೆ ಹೊರಬರುತ್ತದೆ, ಬಿಲ್ಡ್ ಕೆಂಪಾಗುತ್ತದೆ. ಸೆಟ್ಟಿಂಗ್ ಒಳ್ಳೆಯದೇ. ಆದರೆ ತ್ರೈಮಾಸಿಕದ ಕೊನೆಯ ವಾರದಲ್ಲಿ ಪುಲ್ ರಿಕ್ವೆಸ್ಟ್‌ಗಳಲ್ಲಿ, ಅಂದರೆ ನನ್ನ ಕೋಡನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆಗಳಲ್ಲಿ, ಒಂದು ಹೊಸ ಜಾತಿಯ ಟೆಸ್ಟ್‌ಗಳು ಕಾಣಿಸಿಕೊಳ್ಳತೊಡಗಿದವು. ಅವು ಫಂಕ್ಷನ್ನನ್ನು ಕರೆಯುತ್ತಿದ್ದವು, ಬಂದ ಉತ್ತರವನ್ನು ಯಾವುದರೊಂದಿಗೂ ಹೋಲಿಸದೆ ಮುಗಿಯುತ್ತಿದ್ದವು. ಅಸರ್ಟ್ ಎಂಬ ಪದವೇ ಇಲ್ಲದ ಟೆಸ್ಟ್. ಕೋಡ್ ಒಡೆದು ಬೀಳದಿದ್ದರೆ ಪಾಸು. ಸಾಲು ಓಡಿದ್ದಂತೂ ನಿಜ, ಆದ್ದರಿಂದ ಅಂಕಿ 80 ದಾಟಿತು. ನಾನೂ ಅಂಥವು ಎರಡೋ ಮೂರೋ ಬರೆದಿದ್ದೇನೆ, ಸಂಜೆ ಏಳಕ್ಕೆ ಬಸ್ಸು ಇತ್ತು. ಕವರೇಜ್ ಡಾಟ್ ಪೈಗೆ ಇದನ್ನು ಹಿಡಿಯುವ ಶಕ್ತಿಯಿಲ್ಲ, ಇದೆ ಎಂದು ಅದು ಎಲ್ಲಿಯೂ ಹೇಳಿಕೊಂಡೂ ಇಲ್ಲ. ಅಂಥ ಟೆಸ್ಟ್‌ಗಳನ್ನು ಬಯಲಿಗೆಳೆಯಬೇಕಾದರೆ ಮ್ಯೂಟ್‌ಮಟ್‌ನಂಥ ಸಾಧನ ಬೇಕು. ಅದು ಕೋಡಿನಲ್ಲಿ ಕೂಡುವುದನ್ನು ಕಳೆಯುವುದಾಗಿ, ದೊಡ್ಡದನ್ನು ಚಿಕ್ಕದಾಗಿ ಬೇಕೆಂದೇ ಕೆಡಿಸಿ, ಯಾವುದಾದರೂ ಟೆಸ್ಟ್ ಬೊಬ್ಬೆ ಹಾಕುತ್ತದೆಯೇ ಎಂದು ನೋಡುತ್ತದೆ. ಸಮಯ ವಿಪರೀತ ತಿನ್ನುತ್ತದೆ. ಹಣದ ಲೆಕ್ಕವಿರುವ ಒಂದೆರಡು ಫೈಲುಗಳಿಗೆ ಮಾತ್ರ ನಾನು ಅದನ್ನು ಹಚ್ಚುತ್ತೇನೆ.

ಅಂಕಿಯ ವಿಷಯದಲ್ಲಿ ಸಾಧನವೇ ತೋರುವ ಒಂದು ಪ್ರಾಮಾಣಿಕತೆಯನ್ನು ಇಲ್ಲಿ ಹೇಳಬೇಕು. ಅದು ಶೇಕಡಾವಾರನ್ನು ಪೂರ್ಣಾಂಕಕ್ಕೆ ತರುತ್ತದೆ. ಆದರೆ ಒಂದೇ ಒಂದು ಸಾಲು ಉಳಿದಿದ್ದರೂ, ಲೆಕ್ಕದಲ್ಲಿ 99.9 ಬಂದರೂ, 100 ಎಂದು ತೋರಿಸುವುದಿಲ್ಲ, 99ಕ್ಕೇ ನಿಲ್ಲುತ್ತದೆ. ಇಂಥ ಸಣ್ಣ ಹಟಗಳಿಂದಲೇ ಒಂದು ಸಾಧನದ ಮೇಲೆ ವಿಶ್ವಾಸ ಹುಟ್ಟುವುದು.

ಲೆಕ್ಕದಿಂದ ಸಾಲುಗಳನ್ನು ಹೊರಗಿಡುವ ಅವಕಾಶವೂ ಇದೆ. ಸಾಲಿನ ಕೊನೆಗೆ ‘ಪ್ರಾಗ್ಮಾ: ನೋ ಕವರ್’ ಎಂಬ ಕಾಮೆಂಟ್ ಹಾಕಿದರೆ ಆ ಸಾಲು, ಅದು ಫಂಕ್ಷನ್ನಿನ ತಲೆಸಾಲಾದರೆ ಇಡೀ ಫಂಕ್ಷನ್, ಲೆಕ್ಕಕ್ಕೆ ಬರುವುದಿಲ್ಲ. ವಿಂಡೋಸಿನಲ್ಲಿ ಮಾತ್ರ ಓಡುವ ಭಾಗ, ಡೀಬಗ್ ಮಾಡಲು ಮಾತ್ರ ಇರುವ ಭಾಗ, ಇಂಥವಕ್ಕೆ ಇದು ನ್ಯಾಯವಾದ ಬಳಕೆ. ನಾನು ಇಟ್ಟುಕೊಂಡಿರುವ ಕಟ್ಟಳೆ ಏನೆಂದರೆ ಪ್ರತಿ ಪ್ರಾಗ್ಮಾದ ಪಕ್ಕದಲ್ಲಿ ಏಕೆಂದು ಒಂದು ಕಾರಣ ಬರೆದಿರಬೇಕು, ರಿವ್ಯೂ ಮಾಡುವವರು ಆ ಕಾರಣವನ್ನು ಒಪ್ಪಬೇಕು.

ಇನ್ನು ದೂರುಗಳು. ಒಂದೇ ಪ್ರಾಸೆಸ್ಸಿನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಒಂದೇ ಕೆಲಸವಾಗಿ, ಓಡುವ ಪ್ರೋಗ್ರಾಮಿಗೆ ಈ ಸಾಧನ ಎಷ್ಟು ಸರಳವೋ, ಹಲವು ಪ್ರಾಸೆಸ್ಸುಗಳನ್ನು ಹುಟ್ಟಿಸುವ ಪ್ರೋಗ್ರಾಮಿಗೆ ಅಷ್ಟೇ ತಲೆನೋವು. ಪ್ರತಿಯೊಂದು ಪ್ರಾಸೆಸ್ಸೂ ತನ್ನದೇ ದಾಖಲೆಯ ಫೈಲನ್ನು ಬರೆಯುವಂತೆ ಹೇಳಬೇಕು, ಕೊನೆಯಲ್ಲಿ ‘ಕವರೇಜ್ ಕಂಬೈನ್’ ಎಂದು ಅವನ್ನೆಲ್ಲ ಕೂಡಿಸಬೇಕು, ಬೇರೆ ಬೇರೆ ಯಂತ್ರಗಳಲ್ಲಿ ಓಡಿದ್ದರೆ ಈ ಫೋಲ್ಡರೂ ಆ ಫೋಲ್ಡರೂ ಒಂದೇ ಎಂದು ಸೆಟ್ಟಿಂಗಿನಲ್ಲಿ ತಿಳಿಸಬೇಕು. ಪ್ರಾಸೆಸ್ಸನ್ನು ಮಧ್ಯದಲ್ಲೇ ಬಲವಂತವಾಗಿ ಕೊಂದರೆ ಅದರ ದಾಖಲೆ ಅದರೊಂದಿಗೇ ಹೋಯಿತು, ಏಕೆಂದರೆ ಬರೆದಿಡುವ ಕೆಲಸ ನಡೆಯುವುದು ಪ್ರಾಸೆಸ್ ಕ್ರಮವಾಗಿ ಮುಗಿಯುವಾಗ. ಹೀಗೆ ಹುಟ್ಟಿದ ಪ್ರಾಸೆಸ್ಸುಗಳಲ್ಲಿ ಅಳತೆ ಶುರುಮಾಡಿಸಲು ಹಿಂದೆ ಕೈಯಿಂದ ಮಾಡಬೇಕಾಗಿದ್ದ ಕಸರತ್ತು 2025ರ 7.10 ಆವೃತ್ತಿಯಲ್ಲಿ ಬಂದ ‘ಪ್ಯಾಚ್’ ಎಂಬ ಸೆಟ್ಟಿಂಗಿನಿಂದ ಬಹಳ ತಗ್ಗಿದೆ. ಹಳೆಯ ಆವೃತ್ತಿಯಲ್ಲೇ ಕುಳಿತಿರುವವರು ಇದೊಂದಕ್ಕಾಗಿಯಾದರೂ ಮೇಲೇರಬಹುದು.

ಎರಡನೆಯ ದೂರು ವೇಗದ್ದು. ಹಳೆಯ ವಿಧಾನದಲ್ಲಿ ಪ್ರತಿ ಸಾಲು ಓಡುವಾಗಲೂ ಪೈಥಾನ್ ಈ ಸಾಧನದ ಕದ ತಟ್ಟಿ ಹೇಳಿ ಮುಂದೆ ಹೋಗಬೇಕು. ಹತ್ತು ಸಾವಿರ ಸಲ ಸುತ್ತುವ ಲೂಪಿನ ಸಾಲಿಗೆ ಹತ್ತು ಸಾವಿರ ಸಲ ಕದ ತಟ್ಟುವುದು. ಕದ ತೆರೆಯುವ ಭಾಗವನ್ನು ಸಿ ಭಾಷೆಯಲ್ಲಿ ಬರೆದು ಚುರುಕು ಮಾಡಿದ್ದರೂ, ಲೂಪುಗಳು ಹೆಚ್ಚಿರುವ ಕೋಡಿನಲ್ಲಿ ಟೆಸ್ಟ್‌ಗಳು ಕಣ್ಣಿಗೆ ಕಾಣುವಷ್ಟು ನಿಧಾನವಾಗುತ್ತವೆ. 2023ರಲ್ಲಿ ಬಂದ ಪೈಥಾನ್ 3.12, ಒಂದು ಸಾಲಿನ ಬಗ್ಗೆ ಒಮ್ಮೆ ಹೇಳಿದ ಮೇಲೆ ಇನ್ನು ಹೇಳಬೇಡ ಎಂದು ಆ ಸಾಲಿಗಷ್ಟೇ ಸೂಚಿಸಲು ಬರುವ ಹೊಸ ವ್ಯವಸ್ಥೆಯೊಂದನ್ನು ಕೊಟ್ಟಿತು. ಕವರೇಜ್ ಡಾಟ್ ಪೈ 7.4ರಿಂದ ಅದನ್ನು ಪ್ರಯೋಗಾರ್ಥವಾಗಿ ಬಳಸಬಹುದಾಯಿತು. ಆದರೆ ಬ್ರಾಂಚ್ ಅಳತೆಗೆ ಬೇಕಾದ ವಿವರ ಆಗ ಪೈಥಾನಿನಿಂದಲೇ ಸಿಗುತ್ತಿರಲಿಲ್ಲ, ಅದು ಕೂಡಿಬಂದದ್ದು 3.14ರಲ್ಲಿ. ನಡುವಿನ ಆವೃತ್ತಿಗಳಲ್ಲಿ ಇರುವವರಿಗೆ ವೇಗ ಬೇಕಾದರೆ ಬ್ರಾಂಚ್ ಬಿಡಬೇಕು, ಬ್ರಾಂಚ್ ಬೇಕಾದರೆ ಕಾಯಬೇಕು. ನಾನು ಕಾಯುತ್ತೇನೆ. ಪ್ರತಿ ಬದಲಾವಣೆಗೂ ಅಳೆಯದೆ, ಕೋಡ್ ಒಳಗೆ ಹೋಗುವ ಮುನ್ನ ಒಮ್ಮೆ ಮಾತ್ರ ಅಳೆದರೆ ಆ ನಿಧಾನ ಅಷ್ಟಾಗಿ ಬಾಧಿಸುವುದಿಲ್ಲ.

ಬೇರೆ ಭಾಷೆಗಳವರೊಂದಿಗೆ ಹೋಲಿಸಿದರೆ ಪೈಥಾನಿನವರು ಅದೃಷ್ಟವಂತರು ಎಂದೇ ಹೇಳಬೇಕು. ಗೋ ಭಾಷೆಯಲ್ಲಿ ಈ ಅಳತೆ 2013ರ 1.2 ಆವೃತ್ತಿಯಿಂದ ಭಾಷೆಯ ಸಾಧನದೊಳಗೇ ಇದೆ, ಬೇರೇನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ ಎಂಬುದು ಅಲ್ಲಿನ ಹಿರಿಮೆ. ಜಾವಾದಲ್ಲಿ ಜಾಕೋಕೋ ಎಂಬ ಸಾಧನ ಬ್ರಾಂಚ್ ಲೆಕ್ಕವನ್ನು ತಾನಾಗಿಯೇ ಕೊಡುತ್ತದೆ. ಆದರೆ ಏಕೆ ಈ ಸಾಲು ಹಳದಿ ಎಂದು ಪೂರ್ಣ ವಾಕ್ಯದಲ್ಲಿ ಬಿಡಿಸಿ ಹೇಳುವ ಸೌಜನ್ಯದಲ್ಲಿ ಕವರೇಜ್ ಡಾಟ್ ಪೈಯನ್ನು ಮೀರಿಸಿದ್ದನ್ನು ನಾನು ಕಂಡಿಲ್ಲ.

ಈಗ ನನ್ನ ಯೋಜನೆಗಳಲ್ಲಿ ಇದನ್ನು ಹೂಡಿರುವ ಬಗೆ ಹೀಗೆ. ಸೋರ್ಸ್ ಮತ್ತು ಬ್ರಾಂಚ್ ಎರಡೂ ಮೊದಲ ದಿನದಿಂದಲೇ ಇರುತ್ತವೆ. ಫೇಲ್ ಅಂಡರ್ ಅನ್ನು ಗುರಿಯಾಗಿ ಇಡುವುದಿಲ್ಲ, ಈಗಿರುವ ಅಂಕಿಗಿಂತ ಒಂದೆರಡು ಕಡಿಮೆಯಲ್ಲಿಟ್ಟು, ಯಾರೋ ಅರಿಯದೆ ಟೆಸ್ಟ್‌ಗಳ ಇಡೀ ಫೋಲ್ಡರನ್ನೇ ಕಳಚಿಬಿಟ್ಟರೆ ತಿಳಿಯಲಿ ಎಂಬಷ್ಟಕ್ಕೆ ಬಳಸುತ್ತೇನೆ. ಕವರೇಜ್ ಡಾಟ್ ಪೈ ಕೊಡುವ ಎಕ್ಸ್‌ಎಂಎಲ್ ವರದಿಯನ್ನು ಡಿಫ್-ಕವರ್ ಎಂಬ ಇನ್ನೊಂದು ಸಾಧನಕ್ಕೆ ಉಣಿಸಿದರೆ, ಈ ಬದಲಾವಣೆಯಲ್ಲಿ ಹೊಸದಾಗಿ ಬಂದ ಸಾಲುಗಳ ಪೈಕಿ ಓಡದವು ಯಾವುವು ಎಂದು ಮಾತ್ರ ತೋರಿಸುತ್ತದೆ. ಹತ್ತು ವರ್ಷದ ಹಳೆಯ ಕೋಡಿನ ಪಾಪವನ್ನು ಇಂದು ಸೇರಿದ ಹುಡುಗಿಯ ತಲೆಗೆ ಕಟ್ಟದೆ ಇರಲು ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಸಿಕ್ಕಿಲ್ಲ. ಪೈಥಾನಿನಲ್ಲಿ ಇನ್ನೂರು ಸಾಲಿಗಿಂತ ಹೆಚ್ಚಿನದೇನನ್ನಾದರೂ ಬರೆದು ಬೇರೆಯವರ ಕೈಗೆ ಕೊಡುವವರೆಲ್ಲರಿಗೂ ಈ ಸಾಧನವನ್ನು ಯಾವ ಹಿಂಜರಿಕೆಯೂ ಇಲ್ಲದೆ ಶಿಫಾರಸು ಮಾಡುತ್ತೇನೆ. ಅಂಕಿಯನ್ನು ಸ್ಲೈಡಿನಲ್ಲಿ ಹಾಕಿ ಮೇಲಿನವರಿಗೆ ತೋರಿಸಲಿಕ್ಕಾಗಿಯೇ ಬೇಕು ಎನ್ನುವ ಮ್ಯಾನೇಜರುಗಳಿಗೆ ಶಿಫಾರಸು ಮಾಡಲು ಮಾತ್ರ ಮನಸ್ಸು ಬರುವುದಿಲ್ಲ.

ಸಹಕಾರ ಸಂಘದ ಪ್ರೋಗ್ರಾಮಿನಲ್ಲಿ ಪದಗಳ ಫೈಲು ಪೂರ್ತಿ ಹಸಿರಾಗಿದ್ದರೂ ಅದನ್ನು ಬಳಸುವ ರಶೀದಿಯ ಫೈಲಿನಲ್ಲಿ ಒಂದು ಸಾಲು ಇನ್ನೂ ಹಳದಿಯಾಗಿಯೇ ಇದೆ. ಮೊತ್ತ ಒಂದು ಕೋಟಿಯನ್ನು ದಾಟಿದರೆ ಅಕ್ಷರಗಳನ್ನು ಎರಡನೆಯ ಸಾಲಿಗೆ ಇಳಿಸುವ ಷರತ್ತು ಅದು. ನಮ್ಮ ಸಂಘದಲ್ಲಿ ಅಂಥ ರಶೀದಿ ಹರಿಯುವ ಕಾಲ ಬಂದರೆ ಸಿಹಿ ಹಂಚೋಣ ಎಂದು ಕಾರ್ಯದರ್ಶಿಗಳು ಹೇಳುತ್ತಾರೆ. ಪ್ರಾಗ್ಮಾ ಹಾಕಿ ಅದನ್ನು ಬೂದಾಗಿಸಬಹುದಿತ್ತು, ಹಾಕಿಲ್ಲ. ಆ ಫೈಲಿನ ವರದಿ 99ರಲ್ಲಿ ನಿಂತಿದೆ.